ತಳ ಕೊನೆಗೆ ನೋಡಿ: ಕೈಯಲ್ಲಿ ಚಿತ್ರ ಬರೆದ ಹಳೆಯ ಇಂಗ್ಲಿಷ್ ಪಿಂಗಾಣಿ ಹೂದಾನಿ ಗುರುತಿಸುವ, ಕೊಳ್ಳುವ, ಕಾಪಾಡುವ ಬಗೆ

ಇಂಗ್ಲೆಂಡಿನ ರಾಯಲ್ ವೂಸ್ಟರ್ ಕಾರ್ಖಾನೆಯ ಹೂದಾನಿಗಳಲ್ಲಿ ನಾನು ಕೊಂಡ ಮೊದಲನೆಯದರ ತಳದಲ್ಲಿ ಸುಳ್ಳೇನೂ ಇರಲಿಲ್ಲ. ಕಾರ್ಖಾನೆಯ ಗುರುತು ಅಸಲಿ. ಕಿರೀಟದ ಅಕ್ಕಪಕ್ಕದ ಚುಕ್ಕಿ ಎಣಿಸಿದೆ, ಹನ್ನೊಂದಿತ್ತು; ಅಂದರೆ 1902 (ಈ ಲೆಕ್ಕ ಆರನೇ ಹೆಜ್ಜೆಯಲ್ಲಿದೆ). ದಂತದ ಬಣ್ಣದ ಮೈ, ಅದರ ಮೇಲೆ ಕಾಡುಹೂಗಳ ಗೊಂಚಲು, ಕತ್ತಿಗೆ ಚಿನ್ನದ ಪಟ್ಟಿ. ಅಂಗಡಿಯವರು ‘ಕೈಬಣ್ಣದ್ದು’ ಅಂದರು, ನಾನು ತಲೆಯಾಡಿಸಿ ದುಡ್ಡು ಕೊಟ್ಟೆ. ಮನೆಗೆ ಬಂದು, ಅಕ್ಕಸಾಲಿಗರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಹತ್ತುಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್ ಹಿಡಿದು ನೋಡಿದರೆ ಪ್ರತಿ ಎಸಳಿನ ಸುತ್ತ ತೆಳ್ಳನೆ ಕಂದು ಗೆರೆ. ಅದು ತಾಮ್ರದ ಫಲಕದಿಂದ ಬಂದ ಅಚ್ಚಿನ ಗೆರೆ. ಅದರೊಳಗೆ ಬಣ್ಣ ತುಂಬಿದ್ದು ಮಾತ್ರ ಕೈಯಿಂದ. ಮಕ್ಕಳ ಬಣ್ಣ ತುಂಬುವ ಪುಸ್ತಕದ ಲೆಕ್ಕ.

ಕಾರ್ಖಾನೆ ನಿಜ, ವರ್ಷ ನಿಜ, ‘ಕೈಬಣ್ಣ’ ಅರ್ಧ ನಿಜ. ಎಡವಿದ್ದು ಎಲ್ಲಿ ಅಂತ ಯೋಚಿಸಿದೆ: ಎತ್ತಿಕೊಂಡ ಕೂಡಲೇ ಬೋರಲು ಹಾಕಿ ತಳ ನೋಡಿದ್ದೆ. ಎಲ್ಲರೂ ಮಾಡುವುದು ಹಾಗೆಯೇ. ತಳದ ಗುರುತು ಕಂಡ ಮೇಲೆ ಕಣ್ಣು ಬೇರೇನನ್ನೂ ಸರಿಯಾಗಿ ನೋಡುವುದಿಲ್ಲ. ಅದಕ್ಕೇ ಈ ಬರಹದಲ್ಲಿ ತಳಕ್ಕೆ ಬರುವುದು ಆರನೇ ಹೆಜ್ಜೆಯಲ್ಲಿ.

ಹೆಸರಿನ ಬಗ್ಗೆ ಒಂದು ಮಾತು. ಅಕ್ಷರ ನೋಡಿ ಓದಿದರೆ ಅದು ‘ವೋರ್ಸೆಸ್ಟರ್’. ಆ ಊರಿನವರ ಬಾಯಲ್ಲಿ ‘ವೂಸ್ಟರ್’. ಅಂಗಡಿಯಲ್ಲಿ ಎರಡನೆಯದನ್ನೇ ಹೇಳಿ.

ಹೆಜ್ಜೆ 1: ಮಣ್ಣಿನ ಜಾತಿ ತಿಳಿದುಕೊಳ್ಳಿ

ಬಿಳಿ ಚೀನೀ ಮಣ್ಣಿನಿಂದ ಮಾಡುವ ಅಸಲಿ, ಅಂದರೆ ಗಟ್ಟಿ ಪಿಂಗಾಣಿಯ ಗುಟ್ಟು ಚೀನಾದ್ದು. ಯುರೋಪಿನಲ್ಲಿ ಆ ಗುಟ್ಟನ್ನು ಮೊದಲು ಬಿಡಿಸಿದ್ದು ಜರ್ಮನಿಯ ಮೈಸನ್ ಕಾರ್ಖಾನೆ, 1710ರ ಹೊತ್ತಿಗೆ. ಇಂಗ್ಲೆಂಡಿನವರು ಕೈಹಾಕಿದ್ದು 1740ರ ದಶಕದಲ್ಲಿ. ಬಿಳಿ ಚೀನೀ ಮಣ್ಣು ಅವರದೇ ಕಾರ್ನ್‌ವಾಲ್ ನೆಲದಲ್ಲಿ ಇತ್ತು. ಅದನ್ನು ಬಳಸಿ ಅಸಲಿ ಗಟ್ಟಿ ಪಿಂಗಾಣಿ ಮಾಡುವ ಪೇಟೆಂಟನ್ನು ಪ್ಲಿಮತ್‌ನ ವಿಲಿಯಂ ಕುಕ್‌ವರ್ದಿ ಪಡೆದದ್ದು ಮಾತ್ರ 1768ರಲ್ಲಿ. ಅಲ್ಲಿಯವರೆಗೆ ಒಬ್ಬೊಬ್ಬರದು ಒಂದೊಂದು ಪಾಕ. ಲಂಡನ್ನಿನ ಚೆಲ್ಸೀಯವರು ಗಾಜಿನ ಪುಡಿಯಂಥದ್ದನ್ನು ಬೆರೆಸಿದರು. ಬೋ ಕಾರ್ಖಾನೆಯವರು ದನದ ಮೂಳೆ ಸುಟ್ಟ ಬೂದಿ ಸೇರಿಸಿದರು. 1751ರಲ್ಲಿ ವೈದ್ಯ ಜಾನ್ ವಾಲ್ ಮತ್ತು ಜೊತೆಗಾರರು ಶುರುಮಾಡಿದ ವೂಸ್ಟರ್‌ನಲ್ಲಿ ಬೆರೆಸಿದ್ದು ಕಾರ್ನ್‌ವಾಲ್‌ನ ಬಳಪದ ಕಲ್ಲು. ಬೇಲೂರು, ಹಳೇಬೀಡಿನ ಶಿಲ್ಪಿಗಳ ಉಳಿಗೆ ಬೆಣ್ಣೆಯಂತೆ ಒಗ್ಗಿದ ಕಲ್ಲನ್ನು ನಾವು ಕರೆಯುವುದೂ ಇದೇ ಹೆಸರಿನಿಂದ. ಆ ಕಲ್ಲಿನ ಪುಡಿಯಿಂದಾಗಿ ವೂಸ್ಟರ್ ಪಿಂಗಾಣಿ ಕುದಿನೀರು ಹೊಯ್ದರೂ ಬಿರಿಯುತ್ತಿರಲಿಲ್ಲ. ಚಹಾ ಕುಡಿಯುವ ದೇಶದಲ್ಲಿ ಅಷ್ಟು ಸಾಕಿತ್ತು, ಬೇರೆ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದರೂ ವೂಸ್ಟರ್ ಉಳಿಯಿತು.

ಹದಿನೆಂಟನೇ ಶತಮಾನದ ಕೊನೆಯಲ್ಲಿ ಸ್ಟೋಕ್ ಊರಿನ ಸ್ಪೋಡ್ ಕಾರ್ಖಾನೆ ಒಂದು ಪಾಕವನ್ನು ಹದಕ್ಕೆ ತಂದಿತು: ಸುಮಾರು ಅರ್ಧ ಭಾಗ ಮೂಳೆಬೂದಿ, ಕಾಲು ಭಾಗ ಚೀನೀ ಮಣ್ಣು, ಕಾಲು ಭಾಗ ಕಾರ್ನ್‌ವಾಲ್‌ನ ಕಲ್ಲು. ಇದೇ ಬೋನ್ ಚೈನಾ. ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಹೂದಾನಿಗಳಲ್ಲಿ ಹೆಚ್ಚಿನವು ಈ ಮೈಯವೇ. ಹೆಸರಿನ ‘ಬೋನ್’ ಅಲಂಕಾರಕ್ಕಲ್ಲ, ನಿಜವಾದ ಮೂಳೆಯೇ. ನಮ್ಮ ಅತ್ತೆಗೆ ಇದನ್ನು ಹೇಳಿದ ದಿನದಿಂದ ನನ್ನ ಸಂಗ್ರಹಕ್ಕೆ ದೇವರಕೋಣೆಯ ಪಕ್ಕದ ಕಪಾಟು ಬಂದ್ ಆಯಿತು. ಮಡಿ ನೋಡುವ ಮನೆಯವರು ಮೊದಲೇ ತಿಳಿದಿರುವುದು ಒಳ್ಳೆಯದು.

ಹೆಜ್ಜೆ 2: ಬೆಳಕು, ಸದ್ದು

ಹೂದಾನಿಯ ಬಾಯೊಳಗೆ ಮೊಬೈಲಿನ ಟಾರ್ಚ್ ಇಳಿಸಿ, ಕೋಣೆಯ ದೀಪ ಆರಿಸಿ. ಪಿಂಗಾಣಿಯಾದರೆ ತೆಳುವಿರುವ ಕಡೆ ಬೆಳಕು ಹೊರಗೆ ಹಾಯುತ್ತದೆ. ಬರೀ ಮಣ್ಣಿನ ಮೈಯಾದರೆ ಕತ್ತಲೆ. ಬೋನ್ ಚೈನಾದ್ದು ಹಾಲಿನಂಥ ಬೆಳಕು. ಹಳೆಯ ಬಳಪದ ಕಲ್ಲಿನ ವೂಸ್ಟರ್‌ನಲ್ಲಿ ಹಸಿರು ಛಾಯೆ ಕಾಣುತ್ತದೆ. ಗಟ್ಟಿ ಪಿಂಗಾಣಿಯದು ತುಸು ತಣ್ಣನೆಯ, ಬೂದು-ನೀಲಿ ಕಡೆಗೆ ವಾಲಿದ ಬೆಳಕು. ಚೆಲ್ಸೀ ಎಂದು ಹೇಳಿ ತೋರಿಸಿದ ಹೂದಾನಿಯಲ್ಲಿ ಈ ತಣ್ಣನೆ ಬೆಳಕು ಕಂಡರೆ ಅಲ್ಲಿಗೇ ನಿಲ್ಲಿಸಿ: ಚೆಲ್ಸೀ ಗಟ್ಟಿ ಪಿಂಗಾಣಿ ಮಾಡಲಿಲ್ಲ. ಪ್ಯಾರಿಸ್‌ನಲ್ಲಿ 1845ರಲ್ಲಿ ಶುರುವಾದ ಸ್ಯಾಮ್ಸನ್ ಎಂಬ ಮನೆತನದ ಕಾರ್ಖಾನೆ ಯುರೋಪು, ಚೀನಾಗಳ ಹಳೆಯ ಪಿಂಗಾಣಿಗಳನ್ನೆಲ್ಲ ನಕಲು ಮಾಡುತ್ತಿತ್ತು, ಗಟ್ಟಿ ಪಿಂಗಾಣಿಯಲ್ಲಿ. ಆ ನಕಲುಗಳಿಗೇ ಈಗ ನೂರು ದಾಟಿದೆ. ಆದ್ದರಿಂದ ಹಳತಾಗಿ ಕಾಣುವುದೊಂದೇ ಸಾಕ್ಷಿಯಾಗದು.

ಇನ್ನು ಸದ್ದು. ಸಂತೆಯಲ್ಲಿ ಮಡಕೆ ಕೊಳ್ಳುವಾಗ ನಮ್ಮ ಅಜ್ಜಿಯರು ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಡುತ್ತಿದ್ದರಲ್ಲ, ಅದೇ ಪರೀಕ್ಷೆ, ಇನ್ನೂ ಮೆಲ್ಲಗೆ. ಅಂಗೈ ಮೇಲೆ ಕೂರಿಸಿ ಅಂಚಿಗೆ ಉಗುರಿನಿಂದ ಮುಟ್ಟಿ. ‘ಟಿಣ್’ ಎಂದು ಎಳೆದುಕೊಂಡು ಹೋದರೆ ಮೈ ಗಟ್ಟಿ. ‘ಟಪ್’ ಎಂದು ಸತ್ತರೆ ಎಲ್ಲೋ ಬಿರುಕಿದೆ, ಇಲ್ಲವೇ ಅಂಟು ಹಾಕಿದೆ. ಒಂದು ಎಚ್ಚರ: ಹತ್ತೊಂಬತ್ತನೇ ಶತಮಾನದ ಎಷ್ಟೋ ದೊಡ್ಡ ಹೂದಾನಿಗಳ ಹೊಟ್ಟೆ ಬೇರೆ, ಪೀಠ ಬೇರೆ. ನಡುವೆ ಲೋಹದ ಬೋಲ್ಟು ಹಾಕಿ ಬಿಗಿದಿರುತ್ತಾರೆ. ಇವು ಸರಿಯಿದ್ದರೂ ದನಿಗೊಡುವುದಿಲ್ಲ.

ಹೆಜ್ಜೆ 3: ಚಿತ್ರ

ಇಲ್ಲಿ ಅವಸರ ಮಾಡಬೇಡಿ. ಉಳಿದೆಲ್ಲ ಹೆಜ್ಜೆಗೂ ಸೇರಿ ಕೊಟ್ಟಷ್ಟು ಹೊತ್ತನ್ನು ಇದೊಂದಕ್ಕೇ ಕೊಡಿ.

ಕೈಬಣ್ಣ ಹೇಗೆ ಮೈಗೆ ಕೂರುತ್ತದೆ ಎಂದು ಮೊದಲು ತಿಳಿದಿರಬೇಕು. ಹಸಿ ಮೈಯನ್ನು ಆವಿಗೆಯಲ್ಲಿ (ಕುಂಬಾರರ ಗೂಡೊಲೆ) ಒಮ್ಮೆ ಸುಡುತ್ತಾರೆ, ಮೆರುಗು (ಗಾಜಿನಂಥ ಲೇಪ) ಹಚ್ಚಿ ಇನ್ನೊಮ್ಮೆ. ಆಮೇಲೆ ಚಿತ್ರಕಾರನ ಕೈಗೆ. ಅವನ ಬಣ್ಣ ಲೋಹದ ಭಸ್ಮ. ಬೇಗ ಕರಗುವ ಗಾಜಿನ ಪುಡಿಯೊಂದಿಗೆ ಅರೆದು, ಟರ್ಪೆಂಟೈನ್ ಎಣ್ಣೆಯಲ್ಲಿ ಕಲಸಿದ್ದು. ಚಿತ್ರ ಬರೆದ ಮೇಲೆ 700ರಿಂದ 850 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮತ್ತೆ ಸುಡಬೇಕು. ಎಲ್ಲ ಬಣ್ಣಕ್ಕೂ ಒಂದೇ ಕಾವು ಒಗ್ಗದು, ಆಳ ಬರಬೇಕಾದರೆ ಪದರದ ಮೇಲೆ ಪದರ ಬೇಕು. ಹಾಗಾಗಿ ಒಳ್ಳೆಯ ಹೂದಾನಿ ಮೂರು ನಾಲ್ಕು ಸಲವಾದರೂ ಆವಿಗೆ ಹೊಕ್ಕು ಬಂದಿರುತ್ತದೆ. ಬರೆಯುವಾಗ ಕಾಣುವ ಬಣ್ಣವೇ ಬೇರೆ, ಸುಟ್ಟ ಮೇಲೆ ಬರುವುದೇ ಬೇರೆ. ಚಿತ್ರಕಾರ ಕಣ್ಣಮುಂದೆ ಇಲ್ಲದ ಬಣ್ಣವನ್ನು ತಲೆಯಲ್ಲಿಟ್ಟುಕೊಂಡು ಬರೆಯಬೇಕು. ಗುಲಾಬಿಯ ಆ ನಸುಗೆಂಪು ಹುಟ್ಟುವುದು ಚಿನ್ನದಿಂದ. ಆ ಗುಲಾಬಿಗೂ, ಮೇಲಿನ ಚಿನ್ನದ ಅಂಚಿಗೂ ಮೂಲ ಒಂದೇ ಲೋಹ.

ಈಗ ಲೂಪ್ ತೆಗೆಯಿರಿ. ಕಾಣಬಹುದಾದ್ದು ನಾಲ್ಕು ಬಗೆ.

ಪೂರಾ ಕೈಬರಹವಾದರೆ ಕುಂಚದ ಎಳೆ ಕಾಣುತ್ತದೆ: ಶುರುವಿನಲ್ಲಿ ದಪ್ಪ, ಕೊನೆಯಲ್ಲಿ ಮೊನೆ. ಎರಡು ಬಣ್ಣ ಸೇರುವಲ್ಲಿ ಒಂದರೊಳಗೊಂದು ಹರಿದಿರುತ್ತದೆ. ಮೈಯನ್ನು ಓರೆ ಬೆಳಕಿಗೆ ಹಿಡಿದರೆ ಬಣ್ಣ ಕೂಡಿರುವಲ್ಲಿ ತುಸು ಉಬ್ಬು. ಕಣ್ಣುಮುಚ್ಚಿ ಬೆರಳ ತುದಿಯಾಡಿಸಿದರೂ ತಿಳಿಯುತ್ತದೆ.

ಎರಡನೆಯದು ಅಚ್ಚಿನ ಗೆರೆಯೊಳಗೆ ಕೈಬಣ್ಣ, ನಾನು ಮೋಸಹೋದದ್ದು. ಗೆರೆ ಎಲ್ಲ ಕಡೆಯೂ ಒಂದೇ ದಪ್ಪ. ಬಣ್ಣ ಅಲ್ಲಲ್ಲಿ ಗೆರೆ ಮೀರಿರುತ್ತದೆ, ಅಲ್ಲಲ್ಲಿ ಗೆರೆ ಮುಟ್ಟದೆ ನಿಂತಿರುತ್ತದೆ. ಗೆರೆಗೂ ಬಣ್ಣಕ್ಕೂ ಜಗಳವಿರುವ ಜಾಗ ಹುಡುಕಿ, ಕಡೇಪಕ್ಷ ಒಂದಾದರೂ ಸಿಕ್ಕುತ್ತದೆ. 1880ರಿಂದಾಚೆಗಿನ ದಂತದ ಬಣ್ಣದ ವೂಸ್ಟರ್ ಹೂದಾನಿಗಳಲ್ಲಿ (ಅಂಗಡಿಯವರು ‘ಬ್ಲಶ್ ಐವರಿ’ ಅನ್ನುತ್ತಾರೆ) ಹೂಗೊಂಚಲಿನವು ಬಹುಪಾಲು ಈ ಬಗೆಯವು. ಕೆಟ್ಟವಲ್ಲ, ಚೆಂದವೇ. ಪೂರಾ ಕೈಬರಹದ ಬೆಲೆ ಕೊಡಬೇಡಿ, ಅಷ್ಟೆ.

ಮೂರನೆಯದು ಪೂರಾ ಅಚ್ಚು. ಲೂಪಿನಲ್ಲಿ ಪತ್ರಿಕೆಯ ಫೋಟೋದಂತೆ ಸಾಲುಸಾಲು ಚುಕ್ಕಿ. ಮೇಲೆ ನಾಲ್ಕು ಕಡೆ ಕುಂಚ ತಾಗಿಸಿ ‘ಕೈಬಣ್ಣ’ ಎನ್ನುವುದುಂಟು. ಸಹಿಯನ್ನೂ ಲೂಪಿನಲ್ಲೇ ನೋಡಿ. ಅದೂ ಚುಕ್ಕಿಗಳಿಂದಾಗಿದ್ದರೆ ಚಿತ್ರದ ಜೊತೆಗೇ ಅಚ್ಚಾದದ್ದು. ನಾಲ್ಕನೆಯದು ಹಳೆಯ ಕಾಲದ ಸೂಕ್ಷ್ಮ ಚುಕ್ಕಿಯ ಅಚ್ಚು, ಹತ್ತೊಂಬತ್ತನೇ ಶತಮಾನದ ಮೊದಲ ದಶಕಗಳದು. ಇಲ್ಲಿ ಚುಕ್ಕಿ ಸಾಲುಗಟ್ಟಿರುವುದಿಲ್ಲ, ನೆರಳಿಗೆ ತಕ್ಕಂತೆ ಚದುರಿರುತ್ತದೆ, ಸಾಮಾನ್ಯವಾಗಿ ಒಂದೇ ಬಣ್ಣ. ವೂಸ್ಟರ್‌ನಲ್ಲಿ 1750ರ ದಶಕದಲ್ಲೇ ಅಚ್ಚಿನ ಕೆಲಸ ನಡೆಯುತ್ತಿತ್ತು, ಹಾಗಾಗಿ ಅಚ್ಚು ಎಂದ ಮಾತ್ರಕ್ಕೆ ಹೊಸದಲ್ಲ.

ಜೋಡಿ ಹೂದಾನಿ ಸಿಕ್ಕಿದರೆ ಇನ್ನೂ ಸುಲಭ. ಪಕ್ಕಪಕ್ಕ ಇಟ್ಟು ಒಂದೇ ಹೂವನ್ನು ಎರಡರಲ್ಲೂ ನೋಡಿ. ಕೈ ಎರಡು ಸಲ ಒಂದೇ ಹೂವನ್ನು ಬರೆಯುವುದಿಲ್ಲ.

ಇಷ್ಟಾದ ಮೇಲೆ ಯಾರ ಕೈ ಎಂಬ ಪ್ರಶ್ನೆ. ಡರ್ಬಿ ಕಾರ್ಖಾನೆಯ ಚಿತ್ರಕಾರ ವಿಲಿಯಂ ಬಿಲ್ಲಿಂಗ್ಸ್‌ಲಿಯ ಗುಲಾಬಿ ನೋಡಿದವರು ಮರೆಯುವುದಿಲ್ಲ. ಆತ ಎಸಳಿಗೆ ಪೂರ್ತಿ ಬಣ್ಣ ಬಳಿದು, ಒಣಗುವ ಮುನ್ನ ಖಾಲಿ ಕುಂಚದಿಂದ ಒರೆಸಿ ಬೆಳಕಿನ ಭಾಗ ತೆಗೆಯುತ್ತಿದ್ದ. ಅಂದರೆ ಅವನ ಗುಲಾಬಿಯ ಬಿಳುಪು ಬಳಿದದ್ದಲ್ಲ, ಕೆಳಗಿನ ಪಿಂಗಾಣಿಯದೇ. 1796ರಲ್ಲಿ ಆತ ಡರ್ಬಿ ಬಿಟ್ಟ. ಅವನ ಕೈಚಳಕವನ್ನು ಬೇರೆಯವರು ಎಷ್ಟೋ ವರ್ಷ ಅನುಸರಿಸಿದರು, ಆದ್ದರಿಂದ ಒರೆಸಿದ ಗುಲಾಬಿ ಎಲ್ಲವೂ ಬಿಲ್ಲಿಂಗ್ಸ್‌ಲಿಯದಲ್ಲ. ವೂಸ್ಟರ್‌ನಲ್ಲಿ ಒಬ್ಬೊಬ್ಬರಿಗೆ ಒಂದೊಂದು ವಿಷಯ: ಜಾನ್ ಸ್ಟಿಂಟನ್ ಎಂದರೆ ಸ್ಕಾಟ್ಲೆಂಡ್ ಬೆಟ್ಟದ ಜೂಲುಗೂದಲ ದನ, ಮಗ ಹ್ಯಾರಿ ಸ್ಟಿಂಟನ್‌ನದೂ ಅದೇ ದನ, ತಮ್ಮ ಜೇಮ್ಸ್ ಸ್ಟಿಂಟನ್‌ನದು ಫೆಸೆಂಟ್ ಮುಂತಾದ ಬೇಟೆಯ ಹಕ್ಕಿ. ಚಾರ್ಲ್ಸ್ ಬಾಲ್ಡ್ವಿನ್ ತಿಳಿನೀಲಿಯ ಮೇಲೆ ಹಾರುವ ಹಂಸ ಬರೆದ. ರಿಚರ್ಡ್ ಸೀಬ್ರೈಟ್ ಹಣ್ಣು ಬರೆದ. ಹ್ಯಾರಿ ಡೇವಿಸ್ ಮಂಜಿನೊಳಗಿನ ಕುರಿಮಂದೆ ಬರೆದ. ನನ್ನ ಮಟ್ಟಿಗೆ ಅವರೆಲ್ಲರಲ್ಲಿ ದೊಡ್ಡ ಕೈ ಅವನದೇ.

ವೂಸ್ಟರ್‌ನಲ್ಲಿ ಚಿತ್ರಕಾರರಿಗೆ ಸಹಿ ಹಾಕಲು ಸಾಮಾನ್ಯವಾಗಿ ಬಿಟ್ಟದ್ದು 1900ರ ಆಸುಪಾಸಿನಿಂದ ಈಚೆಗೆ. ಹಾಗಾಗಿ 1880ರ ಹೂದಾನಿಯಲ್ಲಿ ಸಹಿ ಇಲ್ಲದಿರುವುದು ಸಹಜ. ಸಹಿಯಿದ್ದರೆ ಚಿತ್ರಕಾರನ ಆಯುಷ್ಯವನ್ನು ತಳದ ವರ್ಷದ ಪಕ್ಕ ಇಟ್ಟು ನೋಡಿ. ಹ್ಯಾರಿ ಡೇವಿಸ್ ಹುಟ್ಟಿದ್ದು 1885ರಲ್ಲಿ. ತಳದಲ್ಲಿ 1894 ಎಂದು ಹೇಳುವ ಹೂದಾನಿಯ ಮೇಲೆ ಅವನ ಸಹಿ ಕಂಡರೆ, ಒಂಬತ್ತು ವರ್ಷದ ಹುಡುಗ ಹೇಗೆ ಬರೆದ ಎಂದು ಮಾರುವವರನ್ನು ಕೇಳಬೇಕಾಗುತ್ತದೆ.

ಇನ್ನೊಂದು ಸಿಕ್ಕು: ಮೈ ಒಬ್ಬರದು, ಬಣ್ಣ ಇನ್ನೊಬ್ಬರದು. ಹದಿನೆಂಟನೇ ಶತಮಾನದಲ್ಲೇ ಲಂಡನ್ನಿನ ಜೇಮ್ಸ್ ಜೈಲ್ಸ್ ವೂಸ್ಟರ್‌ನ ಬಿಳಿ ಪಾತ್ರೆ ತರಿಸಿ ತನ್ನ ಕಾರ್ಯಾಗಾರದಲ್ಲಿ ಚಿತ್ರ ಬರೆಸುತ್ತಿದ್ದ. ಅವುಗಳಿಗೆ ಈಗ ಅವುಗಳದೇ ಗೌರವ. ಆದರೆ ಹಳೆಯ ಸಾದಾ ಹೂದಾನಿಗೆ ಈಚೆಗೆ ಬಣ್ಣ ಹಚ್ಚಿ ಸುಟ್ಟವೂ ತಿರುಗಾಡುತ್ತಿವೆ. ಹಳೆಯ ಮೆರುಗಿನ ಗೀರುಗಳ ಮೇಲೆಯೇ ಬಣ್ಣ ಹರಿದು ಗೀರು ತುಂಬಿದ್ದರೆ ಬಣ್ಣ ಗೀರಿಗಿಂತ ಈಚಿನದು. ಲೂಪಿಲ್ಲದೆ ಇದು ಕಾಣುವುದಿಲ್ಲ.

ಹೆಜ್ಜೆ 4: ಚಿನ್ನ

ಹದಿನೆಂಟನೇ ಶತಮಾನದ ನಡುವಿನಲ್ಲಿ ಚಿನ್ನದ ಪುಡಿಯನ್ನು ಜೇನುತುಪ್ಪದಲ್ಲಿ ಕಲಸಿ ಹಚ್ಚುತ್ತಿದ್ದರು. ಅದು ದಪ್ಪ, ಮೃದು, ಹಳೆಯ ಒಡವೆಯಂತೆ ಮಂದ ಹೊಳಪು. ಶತಮಾನದ ಕೊನೆಯಿಂದ ಪಾದರಸದ ಚಿನ್ನ ಬಂತು. ಬೆಂಕಿಯಲ್ಲಿ ಪಾದರಸ ಹಾರಿಹೋಗಿ ಉಳಿದ ಚಿನ್ನವನ್ನು ಗಟ್ಟಿ ಕಲ್ಲಿನ ಮೊನೆಯಿಂದ ಉಜ್ಜಿ ಹೊಳಪಿಸುತ್ತಿದ್ದರು. ಸ್ವಲ್ಪ ಹಿತ್ತಾಳೆಯ ಛಾಯೆ. ಹತ್ತೊಂಬತ್ತನೇ ಶತಮಾನದಲ್ಲಿ ದ್ರವರೂಪದ ಚಿನ್ನ ಬಂದು, ಉಜ್ಜುವ ಕೆಲಸವೇ ತಪ್ಪಿತು. ಅದು ಕನ್ನಡಿಯಂತೆ ಹೊಳೆಯುತ್ತದೆ, ಬೇಗ ಸವೆಯುತ್ತದೆ. ಹಿಡಿಕೆ, ಬಾಯಂಚು, ಪಾದಗಳಲ್ಲಿ ಚಿನ್ನ ಸವೆದಿರುವುದು ನ್ಯಾಯ. ನೂರೈವತ್ತು ವರ್ಷದ ಹೂದಾನಿಯ ಹಿಡಿಕೆ ನಿನ್ನೆ ತಂದ ಬಳೆಯಂತೆ ಹೊಳೆಯುತ್ತಿದ್ದರೆ, ಚಿನ್ನ ಮರಳಿ ಹಚ್ಚಿದ್ದಾರೆ.

ಹೆಜ್ಜೆ 5: ಗಾಯ, ಮದ್ದು

ಮೊದಲು ಮುರಿಯುವ ಜಾಗ ನೋಡಿ: ಹಿಡಿಕೆಯ ಎರಡು ಬೇರು, ಮುಚ್ಚಳದ ಗುಬ್ಬಿ, ಬಾಯಂಚು, ಕುತ್ತಿಗೆ ಸೇರುವಲ್ಲಿ. ರಿಪೇರಿ ಮಾಡಿದ ಜಾಗ ಮುಟ್ಟಿದರೆ ತುಸು ಬೆಚ್ಚಗೆ, ಪ್ಲಾಸ್ಟಿಕ್‌ನಂತಿರುತ್ತದೆ, ಪಿಂಗಾಣಿ ತಣ್ಣಗೆ. ಪಳಗಿದ ವರ್ತಕರು ಹಲ್ಲಿಗೆ ತಾಗಿಸಿ ನೋಡುವುದೂ ಉಂಟು: ಪಿಂಗಾಣಿ ಗಟ್ಟಿಯಾಗಿ ಕಟ್ ಎನ್ನುತ್ತದೆ, ಬಣ್ಣ ಬಳಿದ ಅಂಟು ಮೆತ್ತಗೆ. ಜನರ ಮುಂದೆ ಸಂಕೋಚವಾದರೆ ಉಗುರೇ ಸಾಕು. ಕತ್ತಲಲ್ಲಿ ಅತಿನೇರಳೆ ಟಾರ್ಚ್ ಹಿಡಿದರೆ ರಿಪೇರಿಯ ರಾಳ ಸಾಮಾನ್ಯವಾಗಿ ಸುತ್ತಲಿನ ಮೆರುಗಿಗಿಂತ ಬೇರೆಯಾಗಿ ಹೊಳೆಯುತ್ತದೆ. ಹೊಸ ರಾಳಗಳಲ್ಲಿ ಕೆಲವು ಹಾಗೆ ಬಯಲಾಗುವುದಿಲ್ಲ, ಟಾರ್ಚನ್ನು ದೇವರಂತೆ ನಂಬಬೇಡಿ.

ಎಲ್ಲ ಬಿರುಕೂ ಪೆಟ್ಟಿನದಲ್ಲ. ಆವಿಗೆಯಲ್ಲೇ ಆದ ಬಿರುಕು ಒಂದು ತುದಿಯಲ್ಲಿ ಅಗಲ, ಒಳಗೆ ಮೆರುಗು ಇಳಿದಿರುತ್ತದೆ. ಅದು ಹುಟ್ಟುಮಚ್ಚೆ ಇದ್ದ ಹಾಗೆ, ಬೆಲೆ ಅಷ್ಟು ಇಳಿಯದು. ಆಮೇಲೆ ಬಿದ್ದ ಕೂದಲೆಳೆ ಬಿರುಕಿನಲ್ಲಿ ಕೊಳೆ ಸೇರಿರುತ್ತದೆ, ಅದು ಬೆಳೆಯಬಹುದು.

ಕಡೆಗೆ ಒಳಗೆ ಇಣುಕಿ ತಳದ ನಡುವೆ ರಂಧ್ರವಿದೆಯೇ ನೋಡಿ. ಇಪ್ಪತ್ತನೇ ಶತಮಾನದಲ್ಲಿ ಎಷ್ಟೋ ಒಳ್ಳೆಯ ಹೂದಾನಿಗಳಿಗೆ ತೂತು ಕೊರೆದು, ವೈರು ಎಳೆದು ಟೇಬಲ್ ಲ್ಯಾಂಪ್ ಮಾಡಿಬಿಟ್ಟರು. ಬೋಲ್ಟಿಗೆಂದು ಕಾರ್ಖಾನೆಯೇ ಬಿಟ್ಟ ರಂಧ್ರದ ಅಂಚಿಗೆ ಮೆರುಗಿರುತ್ತದೆ ಅಥವಾ ಅಂಚು ನುಣ್ಣಗಿರುತ್ತದೆ. ಆಮೇಲೆ ಕೊರೆದದ್ದು ಒರಟು, ಅಂಚಿನಲ್ಲಿ ಸಣ್ಣ ಚೆಕ್ಕೆ ಎದ್ದಿರುತ್ತದೆ.

ಹೆಜ್ಜೆ 6: ಈಗ ತಳ

ಮುಚ್ಚಳ ತೆಗೆದಿಟ್ಟು, ಮೆತ್ತನೆ ಟವೆಲ್ ಹಾಸಿ, ಎರಡೂ ಕೈಯಲ್ಲಿ ಮಲಗಿಸಿ. ಗುರುತಿಗಿಂತ ಮೊದಲು ಪಾದದ ಅಂಚು ನೋಡಿ. ನೂರು ವರ್ಷ ಮೇಜಿನ ಮೇಲೆ ಅತ್ತಿತ್ತ ಸರಿದ ಪಾದದಲ್ಲಿ ಗೀರು ದಿಕ್ಕಾಪಾಲಾಗಿರುತ್ತದೆ. ಎಲ್ಲ ಗೀರೂ ಒಂದೇ ದಿಕ್ಕಿಗಿದ್ದರೆ ಉಪ್ಪುಕಾಗದ ತಿಕ್ಕಿದ್ದಾರೆ.

ಗುರುತೇ ಇಲ್ಲವೇ? ಗಾಬರಿಯಾಗಬೇಡಿ. 1790ರಿಂದ 1840ರವರೆಗಿನ ಇಂಗ್ಲಿಷ್ ಹೂದಾನಿಗಳಲ್ಲಿ ಗುರುತಿಲ್ಲದವು ಬೇಕಾದಷ್ಟು. ಕೆಲವದರಲ್ಲಿ ಕುಂಚದಲ್ಲಿ ಬರೆದ ವಿನ್ಯಾಸದ ಸಂಖ್ಯೆ ಮಾತ್ರ. ಐದು ಹೆಜ್ಜೆ ಸರಿಯಾಗಿ ಇಟ್ಟವರಿಗೆ ಗುರುತಿಲ್ಲದ ಹೂದಾನಿಯೇ ಅಗ್ಗದ ಭಾಗ್ಯ.

ಗುರುತಿದ್ದರೆ, ಕಾರ್ಖಾನೆಗೊಂದು ಲೆಕ್ಕ.

ರಾಯಲ್ ವೂಸ್ಟರ್: ವೃತ್ತದೊಳಗೆ ಹೆಣೆದ ನಾಲ್ಕು ‘ಡಬ್ಲ್ಯು’, ನಡುವೆ ಅರ್ಧಚಂದ್ರ ಮತ್ತು 51, ಮೇಲೆ ಕಿರೀಟ. ಆ 51 ಎಂದರೆ ಕಾರ್ಖಾನೆ ಶುರುವಾದ 1751, ಹೂದಾನಿಯ ವರ್ಷವಲ್ಲ. 1891ರಲ್ಲಿ ಸುತ್ತ ‘ರಾಯಲ್ ವೂಸ್ಟರ್ ಇಂಗ್ಲೆಂಡ್’ ಎಂದು ಸೇರಿಸಿದರು. 1892ರಲ್ಲಿ ಒಂದು ಚುಕ್ಕಿ, 1893ರಲ್ಲಿ ಎರಡು, ಹೀಗೆ 1915ರಲ್ಲಿ 24. ಆದ್ದರಿಂದ 1891ಕ್ಕೆ ಚುಕ್ಕಿ ಕೂಡಿಸಿದರೆ ವರ್ಷ. 1916ರಲ್ಲಿ ಚುಕ್ಕಿ ಬಿಟ್ಟು ಒಂದು ನಕ್ಷತ್ರ, ಆಮೇಲೆ ನಕ್ಷತ್ರದ ಜೊತೆ ಮತ್ತೆ ಚುಕ್ಕಿ, 1927ರವರೆಗೆ. ಒಂದು ಚುಕ್ಕಿ ಮಸುಕಾಗಿದ್ದರೆ ಒಂದು ವರ್ಷ ಆಚೀಚೆ. ಪಕ್ಕದಲ್ಲಿ ನಾಲ್ಕಂಕಿಯ ಇನ್ನೊಂದು ಸಂಖ್ಯೆ ಇರುತ್ತದೆ, ಅದು ಆಕಾರದ ಸಂಖ್ಯೆ. ಅದು ಹದಿನೇಳು ನೂರರ ಚಿಲ್ಲರೆ ಆಗಿಬಿಟ್ಟರೆ, ‘ಅಬ್ಬಾ, ಹದಿನೆಂಟನೇ ಶತಮಾನದ್ದು’ ಎಂದು ಹಿಗ್ಗುವವರನ್ನು ನೋಡಿದ್ದೇನೆ.

ಕೋಲ್‌ಪೋರ್ಟ್: ಕಿರೀಟದ ಜೊತೆ ‘ಎ.ಡಿ. 1750’ ಎಂದಿರುತ್ತದೆ. ಈ ಗುರುತೇ 1880ರ ದಶಕದಿಂದ ಈಚಿನದು. ಕಾರ್ಖಾನೆ ಹೇಳಿಕೊಂಡ ಆ ವರ್ಷವೂ ಸ್ವಲ್ಪ ಜಂಭದ್ದೇ. ಜಾನ್ ರೋಸ್ ಅಲ್ಲಿ ಕೆಲಸ ಶುರುಮಾಡಿದ್ದು 1790ರ ದಶಕದಲ್ಲಿ.

ಡರ್ಬಿ: ಕಿರೀಟ, ಅಡ್ಡ ಹಾಕಿದ ಎರಡು ಕೋಲು, ಆರು ಚುಕ್ಕಿ, ಕೆಳಗೆ ‘ಡಿ’, ಇಷ್ಟನ್ನೂ ಕುಂಚದಲ್ಲಿ ಬರೆದಿದ್ದರೆ ಹಳೆಯ ಡರ್ಬಿ, ಸುಮಾರು 1782ರಿಂದ 1825ರವರೆಗಿನದು. ಅದೇ ಗುರುತಿನ ಎರಡು ಬದಿ ‘ಎಸ್’ ಮತ್ತು ‘ಎಚ್’ ಅಕ್ಷರಗಳಿದ್ದರೆ ಕಿಂಗ್ ಸ್ಟ್ರೀಟ್‌ನ ಸಣ್ಣ ಕಾರ್ಖಾನೆಯದು, 1861ರಿಂದ 1935ರ ನಡುವಿನದು. ‘ರಾಯಲ್ ಕ್ರೌನ್ ಡರ್ಬಿ’ ಎಂಬ ಹೆಸರು ವಿಕ್ಟೋರಿಯಾ ರಾಣಿಯ ಕೃಪೆಯಿಂದ 1890ರಲ್ಲಿ ಬಂದದ್ದು.

ಚೆಲ್ಸೀ: ಕೆಂಪು ಲಂಗರು 1752ರಿಂದ 1756, ಚಿನ್ನದ ಲಂಗರು 1756ರಿಂದ 1769. ಅಸಲಿ ಲಂಗರು ಅಕ್ಕಿಕಾಳಿನಷ್ಟು ಚಿಕ್ಕದು, ಹುಡುಕಿದರೆ ಮಾತ್ರ ಸಿಕ್ಕುವಂಥದ್ದು. ದೂರದಿಂದಲೇ ಕಾಣುವ ದೊಡ್ಡ ಚಿನ್ನದ ಲಂಗರು ಸಾಮಾನ್ಯವಾಗಿ ನಕಲಿನದು.

ಮಿಂಟನ್: 1842ರಿಂದ ಮೈಯಲ್ಲಿ ಒತ್ತಿದ ಪುಟ್ಟ ಚಿಹ್ನೆ, ವರ್ಷಕ್ಕೊಂದು. 1873ರಿಂದ ಹೆಸರಿನ ಕೊನೆಗೆ ‘ಎಸ್’ ಸೇರಿ ‘ಮಿಂಟನ್ಸ್’ ಆಯಿತು.

ಎಲ್ಲ ಕಾರ್ಖಾನೆಗೂ ಸಲ್ಲುವ ಮೂರು ಮಾತು. ‘ಇಂಗ್ಲೆಂಡ್’ ಎಂಬ ಪದವಿದ್ದರೆ ಬಹುಮಟ್ಟಿಗೆ 1891ರಿಂದ ಈಚಿನದು; ಅಮೆರಿಕದ ಸುಂಕದ ಕಾನೂನು ತಯಾರಾದ ದೇಶದ ಹೆಸರು ಕೇಳಿದ್ದಕ್ಕೆ ಬಂದದ್ದು. ‘ಮೇಡ್ ಇನ್ ಇಂಗ್ಲೆಂಡ್’, ‘ಬೋನ್ ಚೈನಾ’ ಎಂದಿದ್ದರೆ ಸಾಮಾನ್ಯವಾಗಿ ಇಪ್ಪತ್ತನೇ ಶತಮಾನ. ವಜ್ರದಾಕಾರದ ಚಿಹ್ನೆ 1842ರಿಂದ 1883ರವರೆಗಿನ ವಿನ್ಯಾಸ ನೋಂದಣಿ. 1884ರಿಂದ ಅದರ ಬದಲು ‘ಆರ್‌ಡಿ ನಂ.’ ಎಂಬ ಕ್ರಮಸಂಖ್ಯೆ, 1900ರ ಹೊತ್ತಿಗೆ ಅದು ಸುಮಾರು 3,50,000 ಮುಟ್ಟಿತ್ತು. ಎರಡೂ ಹೇಳುವುದು ವಿನ್ಯಾಸ ನೋಂದಾಯಿಸಿದ ದಿನವನ್ನು. ಹೂದಾನಿ ಅದಕ್ಕಿಂತ ಹತ್ತು ವರ್ಷ ಈಚಿನದಿದ್ದರೂ ಸಂಖ್ಯೆ ಅದೇ.

ಹೆಜ್ಜೆ 7: ಕೊಳ್ಳುವುದು

ದುಡ್ಡು ತೆಗೆಯುವ ಮೊದಲು ಅಸಲಿಯನ್ನು ಕಣ್ತುಂಬ ನೋಡಿ. ಇಂಗ್ಲೆಂಡಿನಲ್ಲಿ ಇರುವವರಿಗೆ ವೂಸ್ಟರ್ ಊರಿನ ರಾಯಲ್ ವೂಸ್ಟರ್ ಮ್ಯೂಸಿಯಂ, ಡರ್ಬಿ ಊರಿನ ಮ್ಯೂಸಿಯಂ, ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಪಿಂಗಾಣಿ ವಿಭಾಗ. ನಮ್ಮ ಕಡೆಯವರಿಗೆ ಹತ್ತಿರದ್ದು ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂ. ಅಲ್ಲಿನ ಯುರೋಪಿನ ಪಿಂಗಾಣಿ ಕೋಣೆಗಳಲ್ಲಿ ಇಂಗ್ಲಿಷ್ ಕಾರ್ಖಾನೆಗಳ ಕೆಲಸವೂ ಇದೆ.

ಹರಾಜಿನಲ್ಲಿ ಸುತ್ತಿಗೆ ಬಿದ್ದ ಬೆಲೆ ನಿಮ್ಮ ಬೆಲೆಯಲ್ಲ. ಅದರ ಮೇಲೆ ಹರಾಜು ಮನೆಯ ಕಮಿಷನ್ ಸಾಮಾನ್ಯವಾಗಿ ನೂರಕ್ಕೆ 20ರಿಂದ 30, ಕಮಿಷನ್ ಮೇಲೆ ತೆರಿಗೆ, ಸಾಗಣೆ ಬೇರೆ. ಎಲ್ಲ ಸೇರಿಸಿ ಒಂದು ಮಿತಿ ಚೀಟಿಯಲ್ಲಿ ಬರೆದು ಜೇಬಿಗಿಟ್ಟುಕೊಂಡು ಕೂರುವುದು ನನ್ನ ಪದ್ಧತಿ. ಮುಂಚೆಯೇ ಸ್ಥಿತಿಯ ವರದಿ ಬರಹದಲ್ಲಿ ಕೇಳಿ ತರಿಸಿಕೊಳ್ಳಿ. ‘ಸ್ಟಿಂಟನ್ ಬರೆದದ್ದು’, ‘ಸ್ಟಿಂಟನ್ ಬರೆದದ್ದೆಂದು ನಂಬಲಾಗಿದೆ’, ‘ಸ್ಟಿಂಟನ್ ಶೈಲಿಯದು’: ಈ ಮೂರು ಮಾತಿಗೂ ಮೂರು ಬೆಲೆ. ಮೂರನೆಯದರಲ್ಲಿ ಸ್ಟಿಂಟನ್ ಇಲ್ಲವೇ ಇಲ್ಲ.

ಒಂಟಿಗಿಂತ ಜೋಡಿಗೆ ದುಪ್ಪಟ್ಟಿಗೂ ಮೀರಿದ ಬೆಲೆ. ಮುಚ್ಚಳ ಅದರದ್ದೇ ಹೌದೇ ನೋಡಿ. ತಿರುಗಿಸಿದಾಗ ಅಲ್ಲಾಡಿದರೆ, ಬಿಳುಪು ಬೇರೆ ಛಾಯೆಯದಾದರೆ, ಅದು ಬೇರೆ ಮನೆಯ ಹೆಣ್ಣು. ಹೊಸಬರಿಗೆ ನನ್ನ ಸಲಹೆ: ಹಿಡಿಕೆ ಒಡೆದು ಅಂಟಿಸಿದ, ಆದರೆ ಚಿತ್ರ ಮುಕ್ಕಾಗದ ಒಂದು ಒಳ್ಳೆಯ ಕೈಬರಹದ ಹೂದಾನಿಯನ್ನು ಅಗ್ಗಕ್ಕೆ ಕೊಳ್ಳಿ. ಅದನ್ನು ಮನೆಯಲ್ಲಿಟ್ಟು ದಿನಾ ನೋಡಿ ಕಣ್ಣು ಪಳಗಿಸಿಕೊಳ್ಳಿ.

ಭಾರತದಲ್ಲಿರುವವರು ಒಂದು ಕಾನೂನು ನೆನಪಿಡಬೇಕು. 1972ರ ಪುರಾವಸ್ತು ಮತ್ತು ಕಲಾಸಂಪತ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಪುರಾವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ತಾತನ ಕಾಲದ ಹೂದಾನಿಯನ್ನು ಲಂಡನ್ ಹರಾಜಿಗೆ ಕಳಿಸುವ ಯೋಚನೆಯಿದ್ದರೆ, ಪೆಟ್ಟಿಗೆ ಕಟ್ಟುವ ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ಕೇಳಿ.

ಹೆಜ್ಜೆ 8: ಮನೆಯಲ್ಲಿ

ಹಿಡಿಕೆ ಹಿಡಿದು ಎತ್ತಬೇಡಿ, ಬಾಯಂಚು ಹಿಡಿದೂ ಎತ್ತಬೇಡಿ. ಒಂದು ಕೈ ತಳಕ್ಕೆ, ಒಂದು ಹೊಟ್ಟೆಗೆ. ಹತ್ತಿಯ ಕೈಗವಸು ಜಾರುತ್ತದೆ. ತೊಳೆದು ಒರೆಸಿದ ಬರಿಗೈ ವಾಸಿ. ಉಂಗುರ, ಬಳೆ ಬಿಚ್ಚಿಡಿ.

ತೊಳೆಯುವುದು ಅಪರೂಪಕ್ಕೆ, ಮತ್ತು ರಿಪೇರಿಯಾಗದ್ದನ್ನು ಮಾತ್ರ. ಪ್ಲಾಸ್ಟಿಕ್ ಬೇಸಿನ್, ಅಡಿಯಲ್ಲಿ ಟವೆಲ್, ಉಗುರುಬೆಚ್ಚಗಿನ ನೀರು, ಎರಡು ಹನಿ ಸಾಧಾರಣ ಪಾತ್ರೆ ತೊಳೆಯುವ ದ್ರವ, ಮೆತ್ತನೆ ಕುಂಚ. ಚಿನ್ನದ ಮೇಲೆ ಉಜ್ಜಬೇಡಿ. ಬ್ಲೀಚು, ವಿಮ್ ಪುಡಿ, ಹುಣಸೆಹಣ್ಣು, ಸ್ಕ್ರಬ್ಬರ್, ಡಿಶ್‌ವಾಶರ್ ಯಾವುದೂ ಬೇಡ. ಬೋಲ್ಟು ಹಾಕಿದ ಪೀಠವಿದ್ದರೆ ನೀರಿಗೆ ಇಳಿಸಲೇಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಆ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಪಿಂಗಾಣಿಯನ್ನೇ ಸೀಳಬಹುದು. ವರ್ಷಕ್ಕೊಮ್ಮೆ ಅದನ್ನು ನೋಡಿ, ತುಕ್ಕು ಕಂಡರೆ ತಿಳಿದವರಿಂದ ಬದಲಾಯಿಸಿ.

ಹೂದಾನಿ ಎಂಬ ಹೆಸರಿದ್ದರೂ ನೀರು ಹೊಯ್ದು ಹೂವಿಡಬೇಡಿ. ಇಡಲೇಬೇಕೆಂದರೆ ಒಳಗೊಂದು ಗಾಜಿನ ಲೋಟ ಇಳಿಸಿ ಅದರಲ್ಲಿ ನೀರು. ಫ್ಯಾನಿನ ಗಾಳಿಗೆ ಪರದೆ ಬಡಿಯುವ ಕಿಟಕಿ, ಗಡಗಡ ಅಲುಗುವ ಫ್ರಿಜ್ಜಿನ ತಲೆ, ಬಾಗಿಲ ಹಿಂದಿನ ಸ್ಟ್ಯಾಂಡು ಬೇಡ. ಎತ್ತರದ ಹೂದಾನಿಯೊಳಗೆ ಒಣ ಮರಳು ತುಂಬಿದ ಪುಟ್ಟ ಬಟ್ಟೆಚೀಲ ಇಟ್ಟರೆ ಬುಡ ಭಾರವಾಗಿ ನಿಲ್ಲುತ್ತದೆ. ಆಯುಧಪೂಜೆಯ ಮುನ್ನಾದಿನದ ಧೂಳು ಹೊಡೆಯುವ ಕೆಲಸದಲ್ಲಿ ಒಡೆದಷ್ಟು ಪಿಂಗಾಣಿ ನಮ್ಮ ಮನೆಯಲ್ಲಿ ಇನ್ಯಾವಾಗಲೂ ಒಡೆದಿಲ್ಲ; ಈಗ ಆ ಕಪಾಟಿಗೆ ಹಿಂದಿನ ರಾತ್ರಿಯೇ ಬೀಗ ಹಾಕುತ್ತೇನೆ.

ಕೊನೆಯದಾಗಿ, ಪ್ರತಿಯೊಂದಕ್ಕೂ ನಾಲ್ಕು ಫೋಟೋ: ಮುಂದೆ, ಹಿಂದೆ, ತಳ, ಗಾಯ. ಜೊತೆಗೆ ಒಂದು ಚೀಟಿ ಬರೆದು, ಸುರುಳಿ ಸುತ್ತಿ ಹೂದಾನಿಯೊಳಗೇ ಹಾಕಿಡಿ: ಎಲ್ಲಿ ಕೊಂಡದ್ದು, ಎಷ್ಟಕ್ಕೆ, ಏನು ರಿಪೇರಿ. ನನ್ನ ಮೊದಲ ಹೂದಾನಿಯ ಹೊಟ್ಟೆಯಲ್ಲೂ ಒಂದು ಚೀಟಿಯಿದೆ. ಕಾರ್ಖಾನೆ ವೂಸ್ಟರ್, ವರ್ಷ 1902, ಗೆರೆ ಅಚ್ಚಿನದು, ಬಣ್ಣ ಕೈಯದು, ಕೊಟ್ಟ ದುಡ್ಡು ಹೆಚ್ಚಾಯಿತು ಎಂದು ಬರೆದಿದ್ದೇನೆ.